ಗೋಡೆಯೊಳಗಿನ ಚಪ್ಪಟೆ ವೈರು

ಹಳೇ ಮನೆ ರಿಪೇರಿಗೆ ಅಂತ ನಡುಮನೆ ಗೋಡೆ ಒಡೆಸಿದೆವು. ಮೊದಲು ಸಿಕ್ಕಿದ್ದು ಡಿಟಿಎಚ್‌ನ ಆರ್‌ಜಿ-6 ಕೇಬಲ್. ಪಕ್ಕದಲ್ಲಿ ಕೇಬಲ್ ಟಿವಿಯವರ ಕಪ್ಪು ವೈರು. ಎಲ್ಲಕ್ಕಿಂತ ಒಳಗೆ, ಸುಣ್ಣ ಮೆತ್ತಿಕೊಂಡ, ಎರಡು ತಂತಿಯ ಚಪ್ಪಟೆ ವೈರು. "ಇದೇನ್ ಸಾರ್, ರಿಬ್ಬನ್ ಥರ ಇದೆ?" ಅಂದ ಎಲೆಕ್ಟ್ರಿಷಿಯನ್ ಹುಡುಗ.

ಅದು 300 ಓಮ್‌ನ ಫೀಡರ್. ಬೆಂಗಳೂರು ದೂರದರ್ಶನ ಶುರುವಾದದ್ದು 1981ರ ನವೆಂಬರ್ 1ಕ್ಕೆ. ಆಮೇಲೆ ನಮ್ಮ ತಾರಸಿಗೂ ಮೀನಿನ ಮುಳ್ಳಿನಂಥ ಆಂಟೆನಾ ಬಂತು, ಈ ವೈರು ಕೆಳಗಿಳಿಯಿತು. ಮಳೆಗೆ ನೆನೆದರೆ, ಕಬ್ಬಿಣದ ಪೈಪಿಗೆ ತಾಗಿದರೆ ಚಿತ್ರದ ತುಂಬಾ ಕಾಳು. ಅಪ್ಪ ಮೇಲೆ ಆಂಟೆನಾ ತಿರುಗಿಸೋದು, ನಾವು ಕೆಳಗಿಂದ "ಬಂತು, ಬಂತು... ಹೋಯ್ತು!" ಅನ್ನೋದು.

ತಮಾಷೆ ಅಂದ್ರೆ, ರಾಜಧಾನಿಗಿಂತ ಮೊದಲು ಟಿವಿ ನೋಡಿದ್ದು ರಾಯಚೂರು, ಗುಲ್ಬರ್ಗ, ಬಿಜಾಪುರದ ಹಳ್ಳಿಗಳು, ಅದೂ ಉಪಗ್ರಹದಿಂದ! 1975ರ ಆಗಸ್ಟ್‌ನಿಂದ ಒಂದು ವರ್ಷ, ನಾಸಾದಿಂದ ಎರವಲು ತಂದ ಎಟಿಎಸ್-6ರ ಸಿಗ್ನಲ್ಲನ್ನು ಕೋಳಿಗೂಡಿನ ಜಾಲರಿಯ ಡಿಶ್‌ನಲ್ಲಿ ಹಿಡಿದು, ಊರಿಗೊಂದು ಟಿವಿ. ವರ್ಷ ಮುಗಿಯಿತು, ಉಪಗ್ರಹ ವಾಪಸ್ ಹೋಯ್ತು.

1991ರಲ್ಲಿ ಸ್ಟಾರ್, 1994ರಲ್ಲಿ ಉದಯ. ಕೇಬಲ್ಲಿಗೆ ಕಾನೂನು ಬಂದದ್ದು 1995ರಲ್ಲಿ. ಅಷ್ಟರಲ್ಲಿ ಕಪ್ಪು ವೈರು ತೆಂಗಿನಮರದಿಂದ ತಾರಸಿಗೆ ಹಾರಿ ನಮ್ಮ ಕಿಟಕಿ ಚೌಕಟ್ಟಿಗೆ ತೂತು ಕೊರೆಸಿಯಾಗಿತ್ತು.

ಈಗ ಫೈಬರ್. ಹುಡುಗ ನೇರ ಗೋಡೆಯಲ್ಲೇ ಹೂಳ್ತೀನಿ ಅಂದ. ಬೇಡ, 25 ಎಂಎಂ ಪೈಪ್ ಹಾಕಿ ಒಳಗೊಂದು ದಾರ ಬಿಟ್ಟಿರು ಅಂದೆ, ಮುಂದೆ ಬರೋ ವೈರು ಎಳೆಯೋಕೆ. ರಿಬ್ಬನ್ ಕೀಳೋದಕ್ಕೆ ಮಾತ್ರ ಅಪ್ಪ ಬಿಡಲಿಲ್ಲ. "ಇರ್ಲಿ ಬಿಡೋ, ನಾನೇ ಎಳೆದದ್ದು." ಅದರ ಮೇಲೇ ಪ್ಲಾಸ್ಟರ್ ಮಾಡಿಸಿದೆ.