ಅವಕಲ ಸಮೀಕರಣಗಳ ಬೋಧನೆ ಮತ್ತು ಗಣಕಯಂತ್ರ

ಅವಕಲ ಸಮೀಕರಣಗಳನ್ನು ಹಂತಹಂತವಾಗಿ, ಸಂಖ್ಯೆಗಳ ಮೂಲಕವೇ ಬಿಡಿಸುವ ಕ್ರಮವು ಗಣಕಯಂತ್ರದೊಡನೆ ಹುಟ್ಟಿದುದಲ್ಲ. ಆಯ್ಲರ್ 1768ರಲ್ಲಿಯೇ ಇದನ್ನು ನಿರೂಪಿಸಿದ್ದನು. ರುಂಗೆ 1895ರಲ್ಲಿಯೂ ಕುಟ್ಟಾ 1901ರಲ್ಲಿಯೂ ಪರಿಷ್ಕರಿಸಿದರು. ಆದರೂ ನಮ್ಮ ಪದವಿ ತರಗತಿಗಳಲ್ಲಿ ಸೂತ್ರವೇ ಬಹುಕಾಲ ಪ್ರಧಾನವಾಗಿ ಉಳಿಯಿತು. ಕೈಲೆಕ್ಕದ ಶ್ರಮವು ಇದಕ್ಕೊಂದು ಕಾರಣ.

ಮೂಡಿಗೆರೆ ತಾಲ್ಲೂಕಿನ ದೇವರಮನೆಯ ಸುತ್ತಣ ಊರುಗಳನ್ನೊಳಗೊಂಡ ಚಿಕ್ಕಮಗಳೂರು ಜಿಲ್ಲೆಯು 1987ರಲ್ಲಿ ಸ್ಥಾಪಿತವಾದ ಕುವೆಂಪು ವಿಶ್ವವಿದ್ಯಾಲಯದ ವ್ಯಾಪ್ತಿಗೆ ಸೇರಿದೆ. 2021–22ರಲ್ಲಿ ಜಾರಿಗೆ ಬಂದ ರಾಜ್ಯದ ಮಾದರಿ ಪಠ್ಯಕ್ರಮವು ಗಣಿತದ ಪ್ರಯೋಗ ತರಗತಿಗಳಿಗೆ ಸೈಲ್ಯಾಬ್, ಮ್ಯಾಕ್ಸಿಮಾ, ಪೈಥಾನ್‌ಗಳಂತಹ ಮುಕ್ತ ತಂತ್ರಾಂಶಗಳನ್ನು ಸೂಚಿಸಿತು. ಪರವಾನಗಿ ಶುಲ್ಕವಿಲ್ಲದಿರುವುದು ಸಣ್ಣ ಕಾಲೇಜುಗಳಿಗೆ ಅಲ್ಪ ಸಂಗತಿಯಲ್ಲ. 2024–25ರಲ್ಲಿ ರಾಜ್ಯವು ಮೂರು ವರ್ಷಗಳ ಪದವಿಗೆ ಮರಳಿತು.

ಸಾಧನವು ಬಂದರೂ ಪ್ರಶ್ನೆ ಬದಲಾಗದಿದ್ದರೆ ಪ್ರಯೋಜನ ಅಲ್ಪವೆಂಬುದು ಪ್ರಸ್ತುತ ಲೇಖಕನ ಅಭಿಪ್ರಾಯ. 20 ಡಿಗ್ರಿಯ ಕೋಣೆಯಲ್ಲಿಟ್ಟ 90 ಡಿಗ್ರಿಯ ಕಾಫಿಯನ್ನು (ಈ ಸೀಮೆಗೆ ಬೇರೆ ಉದಾಹರಣೆ ಬೇಕಿಲ್ಲ) ಪರಿಗಣಿಸೋಣ. ನ್ಯೂಟನ್ನನ ನಿಯಮದಂತೆ ಅದು ನಿಮಿಷಕ್ಕೆ ಉಷ್ಣತಾ ವ್ಯತ್ಯಾಸದ ಹತ್ತನೆಯ ಒಂದರ ದರದಲ್ಲಿ ತಣಿಯುವುದಾದರೆ, 5 ನಿಮಿಷಗಳ ಅನಂತರ ಸೂತ್ರವು ನೀಡುವ ಉತ್ತರ ಸುಮಾರು 62.5 ಡಿಗ್ರಿ. ಆಯ್ಲರನ ವಿಧಾನದಲ್ಲಿ ಒಂದೇ ಹೆಜ್ಜೆ ಇಟ್ಟರೆ 55. ನಿಮಿಷಕ್ಕೊಂದರಂತೆ ಐದು ಹೆಜ್ಜೆ ಇಟ್ಟರೆ 61.3. ಹೆಜ್ಜೆ ಕಿರಿದಾದಂತೆ ದೋಷವೂ ಕುಗ್ಗುವುದನ್ನು ಸೂತ್ರ ಕಂಠಪಾಠ ಮಾಡಿದವನು ಕಾಣನು. ಸಿದ್ಧ ಆದೇಶವೊಂದನ್ನು ಒತ್ತಿ ಉತ್ತರವನ್ನು ದಾಖಲೆ ಪುಸ್ತಕಕ್ಕೆ ಇಳಿಸಿಕೊಂಡವನೂ ಕಾಣನು. ಮಳೆಗಾಲದಲ್ಲಿ ವಿದ್ಯುತ್ತು ಹೋದ ದಿನವೂ ಮೊದಲ ಎರಡು ಹೆಜ್ಜೆಗಳನ್ನು ಕರಿಹಲಗೆಯ ಮೇಲೆ ಮಾಡಿಸಬಹುದು.