ಬೆರಕೆ ತೋಟದ ಬೀಜರಹಿತ ಹಣ್ಣು: ನಿಂಬೆಜಾತಿಯ ಸಹಜ ತ್ರಿಗುಣಿತ ಸಂಕರಣ ಮತ್ತು ಶಿವಮೊಗ್ಗ–ಭದ್ರಾವತಿ ಸೀಮೆ

ಶಿವಮೊಗ್ಗ, ಭದ್ರಾವತಿಗಳ ಸುತ್ತ ನಿಂಬೆಜಾತಿಯ ಗಿಡಗಳು ಪ್ರತ್ಯೇಕ ತೋಟಗಳಾಗಿರುವುದಕ್ಕಿಂತ ಅಡಿಕೆ ತೋಟದ ಅಂಚಿನಲ್ಲೋ ಮನೆಯ ಹಿತ್ತಲಿನಲ್ಲೋ ಒಂದೊಂದಾಗಿ ಬೆಳೆಯುವುದೇ ಹೆಚ್ಚು. ಚಿತ್ರಾನ್ನದ ಹೆರಳೆ, ಉಪ್ಪಿನಕಾಯಿಯ ಕಂಚಿ, ಚಕ್ಕೋತ, ಮಾದಲಗಳು ಕೂಗಳತೆಯಲ್ಲೇ ಹೂಬಿಡುವುದರಿಂದ ಜೇನುಹುಳು ಒಂದರ ಪರಾಗವನ್ನು ಇನ್ನೊಂದಕ್ಕೆ ಮುಟ್ಟಿಸುತ್ತಲೇ ಇರುತ್ತದೆ. ತನ್ನದೇ ಪರಾಗವನ್ನು ಒಪ್ಪದ ಕಾರಣದಿಂದ ಮಾತ್ರ ಬೀಜ ಕಟ್ಟದಿರುವ ಕ್ಲೆಮಂಟೈನ್‌ನಂಥ ಕಿತ್ತಳೆಯು ಇಂಥ ಬೆರಕೆ ತೋಟದಲ್ಲಿ ಬೀಜ ತುಂಬಿಕೊಳ್ಳುತ್ತದೆ. ಆದ್ದರಿಂದ ಈ ಸೀಮೆಗೆ ಒಪ್ಪುವುದು ಹೊರಗಿನ ಪರಾಗ ಬಿದ್ದರೂ ಬೀಜ ಕಟ್ಟಲಾರದ ತ್ರಿಗುಣಿತ ಗಿಡವೇ.

ನಿಂಬೆಜಾತಿಯ ಜೀವಕೋಶದಲ್ಲಿ ಒಂಬತ್ತರ ಎರಡು ಗಣಗಳಾಗಿ 18 ವರ್ಣತಂತುಗಳಿದ್ದರೆ, ತ್ರಿಗುಣಿತದಲ್ಲಿ ಮೂರು ಗಣ ಸೇರಿ 27 ಇರುತ್ತವೆ. ಲಿಂಗಾಣುಗಳು ರೂಪುಗೊಳ್ಳುವಾಗ ಮೂರನೆಯ ಗಣಕ್ಕೆ ಜೋಡಿ ಸಿಗದೆ ಅದು ಅತ್ತಿತ್ತ ಹಂಚಿಹೋಗುವುದರಿಂದ ಅಂಡವೂ ಪರಾಗವೂ ಬಹುಪಾಲು ಬಂಜೆಯಾಗುತ್ತವೆ. ಅಡಿಕೆಯ ಜೊತೆಗೇ ಬೆಳೆಯುವ ಪಚ್ಚಬಾಳೆಯೂ ತ್ರಿಗುಣಿತವೇ. ಆದರೆ ಬಂಜೆತನವೊಂದೇ ಸಾಲದು. ಬೀಜ ಕಟ್ಟದೆಯೂ ಕಾಯಿ ದಪ್ಪವಾಗುವ ಗುಣ, ಅಂದರೆ ಅನಿಷೇಕ ಫಲನ, ಜೊತೆಗಿರಬೇಕು. ಇವೆರಡೂ ಸಹಜವಾಗಿ ಕೂಡಿದ ಉದಾಹರಣೆಯೇ ತಾಹಿತಿ ನಿಂಬೆ.

ಇಂಥ ಗಿಡ ಹುಟ್ಟುವ ಮುಖ್ಯ ದಾರಿ ತಾಯಿಯ ಕಡೆಯದು. ವರ್ಣತಂತುಗಳು ಅರ್ಧವಾಗದೆ ಉಳಿದ ಅಂಡಕ್ಕೆ ಸಾಮಾನ್ಯ ಪರಾಗ ಕೂಡಿದರೆ ಭ್ರೂಣಕ್ಕೆ ಮೂರು ಗಣಗಳೂ, ಅದನ್ನು ಪೋಷಿಸುವ ಭ್ರೂಣಾಹಾರಕ್ಕೆ ಐದು ಗಣಗಳೂ ದಕ್ಕುತ್ತವೆ. ಸಾಮಾನ್ಯ ಬೀಜದ 2:3ರ ಅನುಪಾತ 3:5 ಆಗಿ ಬದಲಾಗುವುದರಿಂದ ಬೀಜ ಬಲಿತರೂ ಗಾತ್ರದಲ್ಲಿ ಸಾಮಾನ್ಯ ಬೀಜದ ಮೂರರಲ್ಲೊಂದರಿಂದ ಆರರಲ್ಲೊಂದು ಪಾಲಿನಷ್ಟಕ್ಕೇ ನಿಲ್ಲುತ್ತದೆ. ಕ್ಯಾಲಿಫೋರ್ನಿಯಾದ ಎಸೆನ್ ಮತ್ತು ಸೂಸ್ಟ್ 1971ರಲ್ಲಿ ಪ್ರಕಟಿಸಿದ ಅಧ್ಯಯನವು ತ್ರಿಗುಣಿತ ಭ್ರೂಣಗಳು ಇಂಥ ಕಿರುಬೀಜಗಳಲ್ಲೇ ಅಡಗಿರುವುದನ್ನು ತೋರಿಸಿತು. ಸಸಿಮಡಿಗೆ ಬೀಜ ಆರಿಸುವವರು ಜೊಳ್ಳೆಂದು ಮೊದಲು ಬಿಸಾಡುವುದು ಇವನ್ನೇ ಎಂಬುದು ವಿಪರ್ಯಾಸ.

ತಾಯಿಮರದ ಆಯ್ಕೆಯಲ್ಲೇ ಕೆಲಸದ ಅರ್ಧ ಮುಗಿಯುತ್ತದೆ. ಕೊಡಗಿನ ಕಿತ್ತಳೆಯಲ್ಲಿ ಒಂದೇ ಬೀಜದಲ್ಲಿ ಹಲವು ಭ್ರೂಣಗಳಿದ್ದು, ಅವುಗಳಲ್ಲಿ ಹೆಚ್ಚಿನವು ತಾಯಿಯ ಅಂಗಾಂಶದಿಂದಲೇ ಮೂಡಿದ ಪಡಿಯಚ್ಚುಗಳಾದ್ದರಿಂದ ಸಂಕರ ಸಸಿ ಕೈಗೆ ಸಿಗುವುದು ಕಷ್ಟ. ಚಕ್ಕೋತ, ಮಾದಲಗಳದ್ದು ಏಕಭ್ರೂಣದ ಬೀಜ. ಚಕ್ಕೋತವಂತೂ ಸಾಮಾನ್ಯವಾಗಿ ಸ್ವಪರಾಗವನ್ನು ನಿರಾಕರಿಸುವುದರಿಂದ ಹಿತ್ತಲಿನ ಒಂಟಿ ಚಕ್ಕೋತದ ಬೀಜಗಳು ನೆರೆಯ ಗಿಡಗಳೊಂದಿಗಿನ ಸಂಕರವೆಂದೇ ಎಣಿಸಬಹುದು. ಬೀಜರಹಿತ ತಳಿಗೆ ತೊಡಕಾಗುವ ಬೆರಕೆಯೇ ಇಲ್ಲಿ ತಳಿಗಾರನ ಶ್ರಮವನ್ನು ಉಳಿಸುತ್ತದೆ. ಅರ್ಧವಾಗದ ಅಂಡಗಳ ಪ್ರಮಾಣ ತಾಯಿಯಿಂದ ತಾಯಿಗೆ ಬಹಳ ವ್ಯತ್ಯಾಸವಾಗುವುದರಿಂದ ಒಂದೇ ಮರವನ್ನು ನೆಚ್ಚದೆ ಹಲವು ಮರಗಳ ಕಿರುಬೀಜಗಳನ್ನು ಕೂಡಿಸಬೇಕು. ಸಿಪ್ಪೆ ಸುಲಿದು ಪೋಷಕ ಮಾಧ್ಯಮದಲ್ಲಿ ಮೊಳೆಯಿಸಿದ ಸಸಿಗಳ ಬೇರುತುದಿಯಲ್ಲಿ ವರ್ಣತಂತುಗಳನ್ನು ಎಣಿಸಿ 27 ಇರುವುದನ್ನು ಖಚಿತಪಡಿಸಬೇಕು. 2012ರಲ್ಲಿ ಸ್ಥಾಪನೆಯಾದ, ಶಿವಮೊಗ್ಗದ ನವುಲೆಯಲ್ಲೂ ಆವರಣವಿರುವ ಕೃಷಿ ಮತ್ತು ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯವು ಇಂಥ ಸಂಗ್ರಹಕ್ಕೆ ಸಹಜ ನೆಲೆಯಾಗಬಲ್ಲದು.

ಕಾಲಾವಧಿ ಮಾತ್ರ ದೀರ್ಘ. ಹುಳಿಯಿಲ್ಲದ ಚಕ್ಕೋತಕ್ಕೆ ಚತುರ್ಗುಣಿತ ಗ್ರೇಪ್‌ಫ್ರೂಟಿನ ಪರಾಗ ಕೂಡಿಸಿ 1958ರಲ್ಲಿ ಪಡೆದ ಓರೊಬ್ಲಾಂಕೊ ಎಂಬ ತ್ರಿಗುಣಿತ ತಳಿ ಬೆಳೆಗಾರರಿಗೆ ಬಿಡುಗಡೆಯಾದದ್ದು 1980ರಲ್ಲಿ. ಮಲೆನಾಡಿನಂಚಿನ ಮಳೆಯಲ್ಲಿ ನಿಂಬೆಯನ್ನು ಕಾಡುವ ಕಜ್ಜಿ ರೋಗ ಎಲೆಯ ಮೇಲೂ ಕಾಣಿಸಿಕೊಳ್ಳುವುದರಿಂದ, ಫಸಲಿಗೆ ಕಾಯದೆ ಮೊದಲ ಮಳೆಗಾಲಗಳಲ್ಲೇ ದುರ್ಬಲ ಸಸಿಗಳನ್ನು ಕಿತ್ತು, ಉಳಿದವನ್ನಷ್ಟೇ ಬಲಿತ ಮರಗಳಿಗೆ ಕಸಿ ಕಟ್ಟಬಹುದು.