ಅಜ್ಜಿ ನೋಡಿದ ಬಾಲದ ಚುಕ್ಕಿ

ಮಿರ್ಲೆಯಲ್ಲಿರೋ ನಮ್ಮಜ್ಜಿಗೆ 1965ರ ಒಂದು ಬೆಳಗಿನ ಜಾವ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಆಗ ಆಕೆ ಚೊಚ್ಚಲ ಬಸುರಿ. ಕೊಟ್ಟಿಗೆಗೆ ಅಂತ ಹೊರಗೆ ಬಂದರೆ ಮೂಡಲಲ್ಲಿ ಪರಕೆಯಂಥ ಉದ್ದ ಬಾಲದ ಚುಕ್ಕಿ. ಆ ಮಗು ಉಳಿಯಲಿಲ್ಲ. ‘ಬಸುರಿ ಹೆಂಗಸು ಅದನ್ನ ನೋಡಬಾರದಿತ್ತು’ ಅಂದರು ಮನೆಯ ಹಿರಿಯರು. 1966ರ ಜನವರಿಯಲ್ಲಿ ತಾಷ್ಕೆಂಟಿನಲ್ಲಿ ಶಾಸ್ತ್ರೀಜಿ ತೀರಿಕೊಂಡಾಗ ಊರಿಗೆ ಅನುಮಾನವೇ ಉಳಿಯಲಿಲ್ಲ. ಅಜ್ಜಿಗೂ.

ಅದು ಯಾವ ಧೂಮಕೇತು ಅಂತ ಹುಡುಕಿದೆ. ಇಕೆಯಾ–ಸೆಕಿ. ಇಬ್ಬರು ಜಪಾನಿಯರ ಹೆಸರು, ಇಬ್ಬರೂ ಹವ್ಯಾಸಿಗಳು. ಕಾವೊರು ಇಕೆಯಾ ಪಿಯಾನೊ ಫ್ಯಾಕ್ಟರಿಯಲ್ಲಿ ದುಡಿದ ಹುಡುಗ, ದೂರದರ್ಶಕವನ್ನು ಕೈಯಾರೆ ಮಾಡಿಕೊಂಡಿದ್ದ. ತ್ಸುತೊಮು ಸೆಕಿ ಗಿಟಾರ್ ಮೇಷ್ಟ್ರು. ಸೆಪ್ಟೆಂಬರ್ 18ರಂದು ಬೇರೆ ಬೇರೆ ಊರಲ್ಲಿ ಕೂತು, ಕೆಲವೇ ನಿಮಿಷಗಳ ಅಂತರದಲ್ಲಿ ಇಬ್ಬರೂ ಅದನ್ನು ಕಂಡರು. ಖಗೋಳಜ್ಞರು ಅದರ ಹಾದಿಯ ಲೆಕ್ಕ ಹಾಕಿದರು. ಅಕ್ಟೋಬರ್ 21ರಂದು ಅದು ಸೂರ್ಯನ ಮೇಲ್ಮೈಯಿಂದ ಬರೀ 4.5 ಲಕ್ಷ ಕಿಲೋಮೀಟರ್ ದೂರದಲ್ಲಿ ಹಾದುಹೋಯಿತು. ಆ ಕಾವಿಗೆ ಹಿಮ ಆವಿಯಾಗಿ, ಧೂಳೆದ್ದು ಬಾಲ ಬೆಳೆಯಿತು. ಅಜ್ಜಿ ಕಂಡದ್ದು ಆ ಬಾಲವನ್ನೇ.

ಇಂಥ ಹುಚ್ಚು ನಮ್ಮವರಿಗೂ ಇತ್ತು. ಹೈದರಾಬಾದಿನಲ್ಲಿ ಹವ್ಯಾಸಿಯಾಗಿ ಆಕಾಶ ನೋಡಲು ಶುರು ಮಾಡಿದ ವೈನು ಬಪ್ಪು 1949ರಲ್ಲಿ ಹಾರ್ವರ್ಡಿನಲ್ಲಿ ಓದುವಾಗ ಒಂದು ಧೂಮಕೇತು ಹಿಡಿದರು. ಅದಕ್ಕೆ ಅವರ ಹೆಸರೂ ಸೇರಿತು. ಮುಂದೆ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ಕಟ್ಟಿದವರು ಅವರೇ. 1976ರಲ್ಲಿ ಬೆಂಗಳೂರಿನ ಹವ್ಯಾಸಿಗಳೂ ತಮ್ಮದೇ ಸಂಘ ಮಾಡಿಕೊಂಡರು.

2024ರ ಸೆಪ್ಟೆಂಬರ್ ಕೊನೆಯಲ್ಲಿ ಚುಚಿನ್‌ಶಾನ್–ಅಟ್ಲಾಸ್ ಬಂದಾಗ ನಾನು ಬೈನಾಕ್ಯುಲರ್ ಹಿಡಿದು ಮಿರ್ಲೆಗೆ ಹೋದೆ. ನಮ್ಮ ಅಪಾರ್ಟ್‌ಮೆಂಟ್ ಟೆರೇಸಿನಿಂದ ಹೇಗೂ ಏನೂ ಕಾಣಲ್ಲ. ಬೆಳಿಗ್ಗೆ ಐದರ ಸುಮಾರಿಗೆ ಅಜ್ಜಿಯನ್ನ ಎಬ್ಬಿಸಿದೆ. ಮೊದಲು ಒಲ್ಲೆ ಅಂದರು. ಆಮೇಲೆ ಜಗುಲಿ ಮೇಲೆ ಕೂತು ಇಕೆಯಾ, ಸೆಕಿ ಕತೆ ಪೂರ್ತಿ ಕೇಳಿದರು.

‘ನಾನು ನೋಡೋಕೆ ಮುಂಚೇನೇ ಅವ್ರು ನೋಡಿದ್ರಾ?’

‘ಒಂದು ತಿಂಗಳಿಗೂ ಮುಂಚೆ, ಅಜ್ಜಿ.’

‘ಅದು ಬತ್ತದೆ ಅಂತ ಗೊತ್ತಿತ್ತಾ?’

‘ಯಾವ ದಾರೀಲಿ, ಯಾವತ್ತು ಅಂತಾನೂ ಗೊತ್ತಿತ್ತು.’

ಬಹಳ ಹೊತ್ತು ಮಾತಿಲ್ಲ. ಬೈನಾಕ್ಯುಲರ್ ಇಸ್ಕೊಂಡು, ಕೈ ನಡುಗುತ್ತಿದ್ದರೂ ಮೂಡಲ ಕಡೆ ಹಿಡಿದರು.

‘ಹಂಗಾದ್ರೆ ನಾನು ನೋಡಿದ್ದಕ್ಕಲ್ಲ ಬಿಡು’ ಅಂದರು.

59 ವರ್ಷ ಆಗಿತ್ತು.